ನಾಳೆಯ ಲೆಕ್ಕ ಬರೆದ ನಾಲ್ಕು ಗ್ರಂಥಗಳು

ಭವಿಷ್ಯವನ್ನು ಕುರಿತು ಬರೆದ ಪುಸ್ತಕಗಳಿಗೆ ಒಂದು ದುರದೃಷ್ಟ ಅಂಟಿಕೊಂಡಿದೆ. ಅವು ಹೊರಬಂದಾಗ ಜನ ಅವನ್ನು ಪಂಚಾಂಗದಂತೆ ಓದುತ್ತಾರೆ. ಹೇಳಿದ ವರ್ಷ ಕಳೆದ ಮೇಲೆ ಹಳೆಯ ಪಂಚಾಂಗದಂತೆಯೇ ಅಟ್ಟಕ್ಕೆ ಎಸೆಯುತ್ತಾರೆ. ‘ನಿಜವಾಯಿತೇ, ಸುಳ್ಳಾಯಿತೇ?’ ಎಂಬ ಒಂದೇ ಪ್ರಶ್ನೆಯಿಂದ ಅವುಗಳ ಯೋಗ್ಯತೆ ನಿರ್ಧಾರವಾಗಿಬಿಡುತ್ತದೆ. ಇದು ಸರಿಯಾದ ಪರೀಕ್ಷೆಯಲ್ಲವೆಂದು ನನ್ನ ಅಭಿಪ್ರಾಯ.

ಸರ್ಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಗುಮಾಸ್ತಿಕೆ ಮಾಡುವವರಿಗೆ ಮೂರು ಅಂಕಣಗಳು ಚಿರಪರಿಚಿತ: ಮುಂಗಡ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ. ಮೊದಲನೆಯದು ಮೂರನೆಯದಕ್ಕೆ ತಾಳೆಯಾಗಲಿಲ್ಲವೆಂದು ಯಾರೂ ಅಂದಾಜು ಮಾಡುವುದನ್ನೇ ನಿಲ್ಲಿಸಿಲ್ಲ. ಹೀಗೆಯೇ ಖರ್ಚು ಮಾಡುತ್ತ ಹೋದರೆ ಮಾರ್ಚಿಯಲ್ಲಿ ಏನಾದೀತೆಂದು ನವೆಂಬರಿನಲ್ಲೇ ಎಚ್ಚರಿಸುವುದು ಅಂದಾಜಿನ ಕೆಲಸ, ಭವಿಷ್ಯ ನುಡಿಯುವುದಲ್ಲ. ಆದರೆ ಒಳ್ಳೆಯ ಅಂದಾಜುಪತ್ರ ಮೂರು ಸಂಗತಿಗಳನ್ನು ಬಿಡುವಂತಿಲ್ಲ. ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಖರ್ಚು ಯಾರ ಬಾಬ್ತಿಗೆ ಬೀಳುತ್ತದೆ? ಮನುಕುಲದ ನಾಳೆಯನ್ನು ಚಿಂತಿಸಿದ ನಾಲ್ಕು ಪ್ರಸಿದ್ಧ ಗ್ರಂಥಗಳನ್ನು ಈ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲನೆಯದು 1972ರಲ್ಲಿ ಪ್ರಕಟವಾಗಿ ಜಗತ್ತಿನಲ್ಲೆಲ್ಲ ಕೋಲಾಹಲವೆಬ್ಬಿಸಿದ ‘ದಿ ಲಿಮಿಟ್ಸ್ ಟು ಗ್ರೋತ್’, ಎಂದರೆ ಬೆಳವಣಿಗೆಯ ಎಲ್ಲೆಗಳು. ಇಟಲಿಯ ಉದ್ಯಮಿ ಔರೇಲಿಯೋ ಪೆಚ್ಚೆಯಿ ಮೊದಲಾದವರು 1968ರಲ್ಲಿ ಸ್ಥಾಪಿಸಿದ ‘ಕ್ಲಬ್ ಆಫ್ ರೋಮ್’ ಈ ಅಧ್ಯಯನ ಮಾಡಿಸಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತರುಣ ತಂಡ ಅದನ್ನು ನಡೆಸಿತು. ಡೊನೆಲ್ಲಾ ಮೆಡೋಸ್, ಡೆನಿಸ್ ಮೆಡೋಸ್, ಯೋರ್ಗನ್ ರಾಂಡರ್ಸ್, ವಿಲಿಯಂ ಬೆಹ್ರೆನ್ಸ್ ಇದರ ಲೇಖಕರು. ಜನಸಂಖ್ಯೆ, ಆಹಾರ, ಕೈಗಾರಿಕೆ, ಮಾಲಿನ್ಯ, ಮತ್ತೆ ಹುಟ್ಟದ ಖನಿಜ ಸಂಪತ್ತು ಎಂಬ ಐದು ಅಂಶಗಳು ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂಬುದನ್ನು ಗಣಕಯಂತ್ರಕ್ಕೆ ಕೊಟ್ಟು, 2100ನೆಯ ಇಸವಿಯವರೆಗಿನ ಗತಿಯನ್ನು ಅವರು ಬರೆಸಿ ನೋಡಿದರು. ನಡೆದಂತೆ ನಡೆಯಲು ಬಿಟ್ಟರೆ ಇಪ್ಪತ್ತೊಂದನೆಯ ಶತಮಾನದಲ್ಲಿ ಬೆಳವಣಿಗೆ ನಿಂತು ಕುಸಿತ ಮೊದಲಾಗುವುದೆಂದು ಯಂತ್ರ ತೋರಿಸಿತು.

ಈ ಗ್ರಂಥದ ನಿಜವಾದ ಕಾಣಿಕೆ ಯಂತ್ರವಲ್ಲ, ದ್ವಿಗುಣದ ಪಾಠ. ಲೇಖಕರು ಮಕ್ಕಳ ಒಂದು ಒಗಟನ್ನು ಬಳಸಿಕೊಂಡಿದ್ದಾರೆ. ಕೊಳದಲ್ಲಿ ತಾವರೆಯ ಜಾತಿಯ ಒಂದು ಬಳ್ಳಿ ದಿನಕ್ಕೆರಡರಷ್ಟಾಗಿ ಹಬ್ಬುತ್ತದೆ. ಮೂವತ್ತನೆಯ ದಿನ ಕೊಳ ಪೂರ್ತಿ ಮುಚ್ಚುತ್ತದೆ. ಅರ್ಧ ಮುಚ್ಚುವುದು ಯಾವಾಗ? ಇಪ್ಪತ್ತೊಂಬತ್ತನೆಯ ದಿನ. ಇಪ್ಪತ್ತೈದನೆಯ ದಿನ ಕೊಳದ ದಂಡೆಯಲ್ಲಿ ನಿಂತವನಿಗೆ ನೂರರಲ್ಲಿ ತೊಂಬತ್ತೇಳು ಭಾಗ ತಿಳಿನೀರೇ ಕಾಣುತ್ತಿರುತ್ತದೆ. ಅವನಿಗೆ ಎಚ್ಚರಿಕೆ ಹೇಳಿದವನು ಹುಚ್ಚನಂತೆ ತೋರುತ್ತಾನೆ. ವರ್ಷಕ್ಕೆ ಶೇಕಡಾ ಏಳರಂತೆ ಬೆಳೆಯುವುದು ಹತ್ತು ವರ್ಷಕ್ಕೆ ಇಮ್ಮಡಿ, ಇಪ್ಪತ್ತು ವರ್ಷಕ್ಕೆ ನಾಲ್ಮಡಿ. ಈ ಗಣಿತ ಬಡ್ಡಿ ಕಟ್ಟಿದ ಯಾರಿಗೂ ಹೊಸದಲ್ಲ. ಆದರೂ ಭೂಮಿಯ ವಿಷಯಕ್ಕೆ ಬಂದಾಗ ನಾವು ಅದನ್ನು ಮರೆಯುತ್ತೇವೆ.

ಗ್ರಂಥವನ್ನು ಗೇಲಿಮಾಡಿದವರು ಅದರ ಒಂದು ಕೋಷ್ಟಕವನ್ನು ಹಿಡಿದುಕೊಂಡರು. ಅಂದು ಗೊತ್ತಿದ್ದ ನಿಕ್ಷೇಪ ಅಂದಿನ ಬಳಕೆಯ ದರದಲ್ಲಿ ಎಷ್ಟು ವರ್ಷ ಬಂದೀತೆಂಬ ಲೆಕ್ಕ ಅದು. ಪೆಟ್ರೋಲಿಯಂಗೆ 31 ವರ್ಷ, ಚಿನ್ನಕ್ಕೆ 11 ವರ್ಷ ಎಂದಿತ್ತು. ಅದೇ ಕೋಷ್ಟಕದಲ್ಲಿ, ನಿಕ್ಷೇಪ ಐದು ಪಟ್ಟು ಇದ್ದರೆ ಏನೆಂಬ ಅಂಕಣವೂ ಇತ್ತು. ಅದನ್ನು ಓದಿದವರು ಕಡಮೆ. 1980ರಲ್ಲಿ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್, ಜನಸಂಖ್ಯೆಯ ಭೀತಿಯನ್ನು ಸಾರುತ್ತಿದ್ದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಅವರೊಡನೆ ಐದು ಲೋಹಗಳ ಬೆಲೆಯ ಮೇಲೆ ಪಂಥ ಕಟ್ಟಿದರು. ಹತ್ತು ವರ್ಷದಲ್ಲಿ ಬೆಲೆ ಏರುವುದೆಂದ ಎರ್ಲಿಕ್ 1990ರಲ್ಲಿ ಸೋತು 576 ಡಾಲರಿನ ಚೆಕ್ ಕಳಿಸಬೇಕಾಯಿತು. ‘ನೋಡಿ, ಎಲ್ಲೆಯೂ ಇಲ್ಲ, ಮಿತಿಯೂ ಇಲ್ಲ’ ಎಂದು ಅಂದಿನಿಂದ ಅನೇಕರು ಸಮಾಧಾನಪಟ್ಟುಕೊಂಡಿದ್ದಾರೆ.

ಈ ಸಮಾಧಾನ ತರವಲ್ಲ. ಯಾಕೆಂದರೆ ‘ಎಲ್ಲಿಂದ ಬರುತ್ತದೆ’ ಎಂಬ ಮೊದಲನೆಯ ಪ್ರಶ್ನೆಗಷ್ಟೇ ಆ ಪಂಥ ಸಂಬಂಧಿಸಿದ್ದು. ‘ಎಲ್ಲಿಗೆ ಹೋಗುತ್ತದೆ’ ಎಂಬ ಎರಡನೆಯ ಪ್ರಶ್ನೆಯನ್ನೂ ಗ್ರಂಥ ಕೇಳಿತ್ತು. ಖನಿಜ ಸಂಪತ್ತನ್ನು ಇಮ್ಮಡಿ ಎಂದು ಭಾವಿಸಿ ಯಂತ್ರ ನಡೆಸಿದಾಗಲೂ ಕುಸಿತ ತಪ್ಪಲಿಲ್ಲ. ಈ ಬಾರಿ ಕಾರಣ ಕೊರತೆಯಲ್ಲ, ಮಾಲಿನ್ಯ. ವಾಯುಮಂಡಲದ ಇಂಗಾಲಾಮ್ಲವು 2000ನೆಯ ಇಸವಿಗೆ ದಶಲಕ್ಷಕ್ಕೆ 380 ಭಾಗವಾದೀತೆಂದು ಲೇಖಕರು ಬರೆದಿದ್ದರು. ವಾಸ್ತವವಾಗಿ ಆ ವರ್ಷ ಅದು 370ರ ಸಮೀಪದಲ್ಲಿತ್ತು. ಈಗ 420ನ್ನು ದಾಟಿದೆ. ಮೂರು ದಶಕಗಳ ಅಂದಾಜು ಇಷ್ಟು ಹತ್ತಿರ ಬಂದರೆ ಯಾವ ಲೆಕ್ಕ ತನಿಖಾಧಿಕಾರಿಯೂ ಆಕ್ಷೇಪ ಎತ್ತಲಾರ. ಉಗ್ರಾಣ ಬರಿದಾಗುವ ಮೊದಲೇ ತಿಪ್ಪೆ ತುಂಬುತ್ತದೆ. ದೆಹಲಿಯಲ್ಲಿ ವಾಸಿಸುವವರಿಗೆ ಇದಕ್ಕೆ ಸಾಕ್ಷಿ ದೂರವಿಲ್ಲ. ಗಾಜಿಪುರದಲ್ಲಿ 1984ರಲ್ಲಿ ಆರಂಭವಾದ ಕಸದ ಹಾಸು 2002ಕ್ಕೇ ತುಂಬಿತು. ಆಮೇಲೂ ಅದರ ಮೇಲೆಯೇ ಸುರಿದದ್ದರಿಂದ ಇಂದು ಅದೊಂದು ಬೆಟ್ಟ.

‘ತಡ’ ಎಂಬ ಮಾತನ್ನೂ ಈ ಗ್ರಂಥದಿಂದಲೇ ಕಲಿಯಬೇಕು. ಕಾರಣಕ್ಕೂ ಪರಿಣಾಮಕ್ಕೂ ನಡುವೆ, ಪರಿಣಾಮ ಕಂಡದ್ದಕ್ಕೂ ನಾವು ಎಚ್ಚೆತ್ತದ್ದಕ್ಕೂ ನಡುವೆ ವರ್ಷಗಳು ಕಳೆಯುತ್ತವೆ. ದೆಹಲಿಯ ಬಸ್ಸುಗಳೆಲ್ಲ ನೈಸರ್ಗಿಕ ಅನಿಲಕ್ಕೆ ತಿರುಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಆಜ್ಞೆಮಾಡಿತು. ಅದು ಪೂರ್ತಿಯಾದದ್ದು 2002ರ ಕೊನೆಗೆ. ಕೆಲವು ವರ್ಷ ಗಾಳಿ ತಿಳಿಯಾಯಿತು. ಅಷ್ಟರಲ್ಲಿ ಹೊಸ ವಾಹನಗಳ ಸಂಖ್ಯೆ ಆ ಲಾಭವನ್ನೆಲ್ಲ ನುಂಗಿಹಾಕಿತು. ಪ್ರತಿ ನವೆಂಬರಿನಲ್ಲಿ ಮಕ್ಕಳ ಶಾಲೆಗೆ ರಜೆ ಕೊಡುವ ಸ್ಥಿತಿ ಬಂದಿರುವುದು ಸುಧಾರಣೆ ಮಾಡದೆ ಇದ್ದುದರಿಂದಲ್ಲ. ಸುಧಾರಣೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಬೆಳವಣಿಗೆ ಎರಡು ಹೆಜ್ಜೆ ಇಟ್ಟುದರಿಂದ.

ಇಷ್ಟು ಗುಣಗಳಿದ್ದರೂ ಈ ಗ್ರಂಥ ಮೂರನೆಯ ಪ್ರಶ್ನೆಯಲ್ಲಿ ಸಂಪೂರ್ಣ ಅನುತ್ತೀರ್ಣ ಎನ್ನದೆ ವಿಧಿಯಿಲ್ಲ. ಅದರ ಯಂತ್ರದಲ್ಲಿ ಅಮೆರಿಕವಿಲ್ಲ, ಭಾರತವಿಲ್ಲ; ಧನಿಕನಿಲ್ಲ, ದರಿದ್ರನಿಲ್ಲ. ಇರುವುದು ‘ಸರಾಸರಿ ಮನುಷ್ಯ’ನೊಬ್ಬನೇ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಹಾಸಿಗೆಯ ಮುಕ್ಕಾಲು ಪಾಲನ್ನು ಒಬ್ಬನೇ ಆಕ್ರಮಿಸಿ ಮಲಗಿರುವಾಗ, ಅಂಚಿನಲ್ಲಿ ಮುದುಡಿಕೊಂಡವನಿಗೂ ಅದೇ ಗಾದೆಯನ್ನು ಹೇಳುವುದು ಉಪದೇಶವಲ್ಲ, ಕ್ರೌರ್ಯ. ಎರ್ಲಿಕ್ ಅವರು 1968ರಲ್ಲಿ ಬರೆದ ‘ದಿ ಪಾಪ್ಯುಲೇಷನ್ ಬಾಂಬ್’ ನಮ್ಮ ದೆಹಲಿಯ ಬೀದಿಯಲ್ಲಿ ಟ್ಯಾಕ್ಸಿಯೊಳಗಿಂದ ಕಂಡ ಜನಜಂಗುಳಿಯ ವರ್ಣನೆಯಿಂದಲೇ ಮೊದಲಾಗುತ್ತದೆ. ಆ ಜನರ ಒಬ್ಬೊಬ್ಬರ ಪಾಲಿಗೆ ಎಷ್ಟು ಉಕ್ಕು, ಎಷ್ಟು ಎಣ್ಣೆ ಸಂದಿತ್ತೆಂಬುದನ್ನು ಟ್ಯಾಕ್ಸಿಯಲ್ಲಿ ಕುಳಿತವರು ಲೆಕ್ಕ ಹಾಕಲಿಲ್ಲ. 1972ರ ಜೂನಿನಲ್ಲಿ ಸ್ಟಾಕ್‌ಹೋಮಿನ ಪರಿಸರ ಸಮ್ಮೇಳನದಲ್ಲಿ ಇಂದಿರಾ ಗಾಂಧಿಯವರು ಬಡತನದ ಪ್ರಶ್ನೆಯನ್ನು ಎತ್ತಿದ್ದು ಈ ಹಿನ್ನೆಲೆಯಲ್ಲಿ. 1976ರಲ್ಲಿ ಅರ್ಜೆಂಟೀನಾದ ಬಾರಿಲೋಚೆ ಪ್ರತಿಷ್ಠಾನದ ತಂಡ ಇನ್ನೊಂದು ಯಂತ್ರಮಾದರಿ ಕಟ್ಟಿ ಉತ್ತರ ಕೊಟ್ಟಿತು. ಬಹುಪಾಲು ಮಾನವರಿಗೆ ದುರಂತ ಮುಂದೆ ಬರಬೇಕಾದದ್ದಲ್ಲ, ಅದು ಈಗಾಗಲೇ ಬಂದಿದೆ. ಹಂಚಿಕೆ ನ್ಯಾಯವಾದರೆ ಎಲ್ಲರ ಮೂಲ ಅಗತ್ಯಗಳನ್ನು ಪೂರೈಸಬಹುದು ಎಂಬುದು ಅವರ ತಾತ್ಪರ್ಯ. ಕೋಲಾಹಲವೆಬ್ಬಿಸಿದ ಮೊದಲ ಪುಸ್ತಕ ಎಲ್ಲರಿಗೂ ಗೊತ್ತು. ಉತ್ತರ ಕೊಟ್ಟ ಈ ಎರಡನೆಯದನ್ನು ಕೇಳಿದವರೇ ವಿರಳ.

ಜನಸಂಖ್ಯೆಯ ವಿಷಯದಲ್ಲಂತೂ ಕಾಲವೇ ಉತ್ತರ ಹೇಳಿದೆ. 2022ರ ನವೆಂಬರಿನಲ್ಲಿ ಮಾನವರು 800 ಕೋಟಿಯಾದರು, ನಿಜ. ಆದರೆ ಬೆಳೆಯುವ ದರ ಅಂದಿನ ಶೇಕಡಾ ಎರಡರಿಂದ ಈಗ ಒಂದಕ್ಕಿಂತ ಕೆಳಗಿಳಿದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ಎರಡೇ ಮಕ್ಕಳು, ಕರ್ನಾಟಕದಲ್ಲಿ 1.7. ಹೆಣ್ಣುಮಕ್ಕಳು ಓದಿದ್ದು, ಹುಟ್ಟಿದ ಕೂಸು ಬದುಕುತ್ತದೆಂಬ ಭರವಸೆ ಬಂದದ್ದು ಇದಕ್ಕೆ ಮುಖ್ಯ ಕಾರಣಗಳು. ಕೊಳದ ಬಳ್ಳಿಗೆ ವಿವೇಕವಿಲ್ಲ, ಮನುಷ್ಯರಿಗೆ ಉಂಟು.

ಎರಡನೆಯ ಗ್ರಂಥ 1973ರಲ್ಲಿ ಬಂದ ಶೂಮಾಕರ್ ಅವರ ‘ಸ್ಮಾಲ್ ಈಸ್ ಬ್ಯೂಟಿಫುಲ್’. ಮೂರನೆಯದು ಅದಕ್ಕೂ ಮೂರು ದಶಕ ಹಿಂದಿನದು: ಜೆ. ಸಿ. ಕುಮಾರಪ್ಪನವರ ‘ಎಕಾನಮಿ ಆಫ್ ಪರ್ಮನೆನ್ಸ್’. ಎರಡನ್ನೂ ಜೊತೆಯಾಗಿಯೇ ನೋಡಬೇಕು. ಶೂಮಾಕರ್ ತಮ್ಮ ಬೌದ್ಧ ಅರ್ಥಶಾಸ್ತ್ರದ ಅಧ್ಯಾಯದಲ್ಲಿ ಕುಮಾರಪ್ಪನವರನ್ನು ಸ್ಮರಿಸಿದ್ದಾರೆ. ಶೂಮಾಕರ್ ಇಪ್ಪತ್ತು ವರ್ಷ ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಲಿಯ ಅರ್ಥಶಾಸ್ತ್ರಜ್ಞರಾಗಿದ್ದವರು; 1955ರಲ್ಲಿ ಬರ್ಮಾಕ್ಕೆ ಸಲಹೆಗಾರರಾಗಿ ಹೋಗಿ ತಾವೇ ಪಾಠ ಕಲಿತು ಬಂದವರು. ಕುಮಾರಪ್ಪನವರು ತಂಜಾವೂರಿನಲ್ಲಿ ಹುಟ್ಟಿ, ಲೆಕ್ಕಪರಿಶೋಧಕರಾಗಿ, ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿ, ಗಾಂಧೀಜಿಯವರ ಬಳಿ ಬಂದು ಗ್ರಾಮೋದ್ಯೋಗಕ್ಕೆ ಬಾಳನ್ನು ಸವೆಸಿದರು. ಸೆರೆಮನೆಯಲ್ಲಿ ಬರೆದ ಈ ಪುಸ್ತಕಕ್ಕೆ ಗಾಂಧೀಜಿಯವರೇ 1945ರಲ್ಲಿ ಮುನ್ನುಡಿ ಬರೆದರು.

ಕುಮಾರಪ್ಪನವರ ವಿಂಗಡಣೆ ಸರಳ ಹಾಗೂ ಮಾರ್ಮಿಕ. ಪ್ರಕೃತಿಯಲ್ಲಿ ಕೊಂದು ತಿನ್ನುವ ಹುಲಿಯುಂಟು. ನೆಡದೆ ಕಿತ್ತು ತಿನ್ನುವ ಕೋತಿಯುಂಟು. ತನ್ನ ಗೂಡನ್ನು ತಾನೇ ಕಟ್ಟುವ ಹಕ್ಕಿಯುಂಟು. ಇಡೀ ಗೂಡಿಗಾಗಿ ದುಡಿಯುವ ಜೇನುಂಟು. ಫಲ ಬಯಸದೆ ಮರಿಗೆ ಉಣಿಸುವ ತಾಯಿಹಕ್ಕಿಯುಂಟು. ಮಾನವನ ಆರ್ಥಿಕ ವ್ಯವಸ್ಥೆಗಳೂ ಹೀಗೆಯೇ ಐದು ಬಗೆ. ಕಲ್ಲಿದ್ದಲು, ಪೆಟ್ರೋಲುಗಳು ಕೂಡಿಟ್ಟ ಗಂಟು. ಹರಿಯುವ ನೀರು, ಬೆಳೆಯುವ ಮರ ದಿನದ ಸಂಪಾದನೆ ಎಂದು ಅವರು ಭೇದ ತೋರಿಸಿದರು. ಗಂಟನ್ನು ಕರಗಿಸಿ ತಿನ್ನುತ್ತ ಅದನ್ನೇ ಆದಾಯವೆಂದು ಬರೆಯುವ ಗುಮಾಸ್ತನನ್ನು ಯಾವ ಕಚೇರಿಯೂ ಇಟ್ಟುಕೊಳ್ಳುವುದಿಲ್ಲ. ರಾಷ್ಟ್ರಗಳ ವರಮಾನದ ಲೆಕ್ಕದಲ್ಲಿ ಮಾತ್ರ ಇಂದಿಗೂ ಅದೇ ನಡೆದಿದೆ. ಶೂಮಾಕರ್ ಇದೇ ವಾದವನ್ನು ಕೈಗಾರಿಕಾ ಪಾಶ್ಚಾತ್ಯರಿಗೆ ಮುಟ್ಟುವ ಮಾತಿನಲ್ಲಿ ಹೇಳಿದರು. ‘ಯಾರ ಬಾಬ್ತು’ ಎಂಬ ಪ್ರಶ್ನೆಗೆ ಇಬ್ಬರೂ ಮುಖ ತಿರುಗಿಸಲಿಲ್ಲ. ಕೆಲಸ ಕಳೆದುಕೊಳ್ಳುವವನು ಯಾರು, ಕೌಶಲ ಹಾಳಾಗುವುದು ಯಾರದು ಎಂದು ಕೇಳಿದರು. ಇದು ಅವರ ಹಿರಿಮೆ.

ಆದರೆ ಸಣ್ಣದೆಲ್ಲ ಸುಂದರವೇ? ನಮ್ಮ ದೇಶದ ಅನುಭವ ಹಾಗೆ ಹೇಳುವುದಿಲ್ಲ. ಕೊಳವೆಬಾವಿಗಿಂತ ಸಣ್ಣ ಯಂತ್ರ ಯಾವುದು? ಒಬ್ಬ ರೈತನದು, ಅವನ ಹೊಲದಲ್ಲಿ, ಅವನ ಅಂಕೆಯಲ್ಲಿ. ಅಂಥವು ಲಕ್ಷ ಲಕ್ಷವಾದಾಗ ಏನಾಯಿತು? ಅಮೆರಿಕ, ಚೀನಾ ಎರಡೂ ಸೇರಿ ಎತ್ತುವುದಕ್ಕಿಂತ ಹೆಚ್ಚು ಅಂತರ್ಜಲವನ್ನು ಭಾರತವೊಂದೇ ಎತ್ತುತ್ತಿದೆ. ಕೋಲಾರದ ಕಡೆ ಸಾವಿರ ಅಡಿ ಕೊರೆದರೂ ನೀರು ಕಾಣದ ಬಾವಿಗಳುಂಟು. ದೊಡ್ಡ ಅಣೆಕಟ್ಟಿನ ಪಾಪಕ್ಕೆ ಕರ್ತೃವಿನ ಹೆಸರಿರುತ್ತದೆ. ಕೋಟಿ ಸಣ್ಣ ರಂಧ್ರಗಳ ಪಾಪಕ್ಕೆ ಯಾರ ಹೆಸರೂ ಇಲ್ಲ. ಬಿಡಿ ಲೆಕ್ಕವೆಲ್ಲ ಸರಿಯಿದ್ದು ಮೊತ್ತ ತಪ್ಪುವ ಈ ವೈಚಿತ್ರ್ಯ ಶೂಮಾಕರರ ಪುಸ್ತಕದಲ್ಲಿ ಸಾಕಷ್ಟು ವಿಚಾರಕ್ಕೆ ಬಂದಿಲ್ಲ. ‘ಎಲ್ಲೆಗಳು’ ಗ್ರಂಥದ ಮೊತ್ತದ ಗಣಿತ ಇಲ್ಲಿ ಬೇಕಾಗಿತ್ತು.

ಎರಡನ್ನೂ ಕೂಡಿಸಲು ಯತ್ನಿಸಿದ ಕೆಲಸ ನಮ್ಮ ನಾಡಿನಲ್ಲೇ ನಡೆದಿದೆ ಎಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವನ್ನು ಆರಂಭಿಸಿದರು. ಅಸ್ತ್ರ ಒಲೆ ಅನೇಕರ ಮನೆಯಲ್ಲಿ ಬಳಕೆಗೆ ಬಂತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ಊರಿಗೆಲ್ಲ ಅಡುಗೆ ಮಾಡಿಸುವ ಯೋಜನೆ ಮೊದಲು ಹಾಕಿದರು. ಇದ್ದ ದನಗಳ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಯೋಜನೆಯನ್ನು ಕೈಬಿಡದೆ ಲೆಕ್ಕವನ್ನು ತಿದ್ದಿ, 1987ರಿಂದ ಅದೇ ಅನಿಲದಲ್ಲಿ ಎಂಜಿನ್ ನಡೆಸಿ ಕುಡಿಯುವ ನೀರನ್ನೂ ವಿದ್ಯುದ್ದೀಪವನ್ನೂ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರ ಮರಳುತ್ತಿತ್ತು. ಪರಿಷ್ಕೃತ ಅಂದಾಜು ಎಂದರೆ ಹೀಗಿರಬೇಕು.

ನಾಲ್ಕನೆಯದು 1987ರ ‘ಅವರ್ ಕಾಮನ್ ಫ್ಯೂಚರ್’, ನಮ್ಮೆಲ್ಲರ ಭವಿಷ್ಯ. ನಾರ್ವೆಯ ಪ್ರಧಾನಿಯಾಗಿದ್ದ ಶ್ರೀಮತಿ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವ ಆಯೋಗದ ವರದಿ ಇದು. ಇಂದಿನವರ ಅಗತ್ಯ ನೀಗಬೇಕು, ಆದರೆ ನಾಳೆಯವರು ತಮ್ಮ ಅಗತ್ಯ ನೀಗಿಸಿಕೊಳ್ಳುವ ಶಕ್ತಿಗೆ ಕುಂದು ಬರಬಾರದು ಎಂಬ ಸುಸ್ಥಿರ ಅಭಿವೃದ್ಧಿಯ ಕಲ್ಪನೆ ಲೋಕಪ್ರಸಿದ್ಧವಾದದ್ದು ಇದರಿಂದ. ಇನ್ನೂ ಹುಟ್ಟದವರನ್ನು ಹಕ್ಕುದಾರರ ಪಟ್ಟಿಗೆ ಸೇರಿಸಿದ್ದು ಸಣ್ಣ ಸಾಧನೆಯಲ್ಲ. ಬಡತನವನ್ನೂ ಪರಿಸರವನ್ನೂ ಒಂದೇ ಕಡತದಲ್ಲಿ ಇಟ್ಟದ್ದೂ ಮೆಚ್ಚತಕ್ಕದ್ದೇ.

ಆದರೆ ಎಲ್ಲ ಇಲಾಖೆಗಳೂ ಆಕ್ಷೇಪವಿಲ್ಲದೆ ರುಜು ಹಾಕಿದ ಟಿಪ್ಪಣಿಯ ಬಗ್ಗೆ ಕಚೇರಿಯಲ್ಲಿ ಇದ್ದವರಿಗೆ ಸ್ವಲ್ಪ ಅನುಮಾನ ಸಹಜ. ಯಾರಿಗೂ ನೋವಾಗದಂತೆ ಬರೆದ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಯಾರೂ ಮಾಡಬೇಕಾದ ಕೆಲಸ ಇರುವುದಿಲ್ಲ. ‘ಅಗತ್ಯ’ ಎಂದರೇನು? ಹಳ್ಳಿಯ ಹೆಣ್ಣುಮಗಳಿಗೆ ಹೊಗೆಯಿಲ್ಲದ ಒಲೆ ಅಗತ್ಯ. ನಗರದ ಮನೆಗೆ ಮೂರನೆಯ ಹವಾನಿಯಂತ್ರಕವೂ ಅಗತ್ಯವೇ? ವರದಿ ಬಡವರ ಅಗತ್ಯಕ್ಕೆ ಆದ್ಯತೆ ಎಂದು ಹೇಳಿ, ಧನಿಕರ ಎಲ್ಲೆಯನ್ನು ಅಂಕಿಯಲ್ಲಿ ಹೇಳದೆ ಮುಂದೆ ಸಾಗುತ್ತದೆ. ಜಗತ್ತಿನ ಕೈಗಾರಿಕಾ ಉತ್ಪನ್ನ ಐದರಿಂದ ಹತ್ತು ಪಟ್ಟು ಏರಬಹುದೆಂದೂ ಅದೇ ವರದಿ ನಿರೀಕ್ಷಿಸುತ್ತದೆ. ಅದರ ಹೊಗೆ ಎಲ್ಲಿ ಹೋಗಬೇಕು? 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಹದಿನೇಳು ಗುರಿಗಳೂ, ಅವುಗಳ 169 ಉಪಗುರಿಗಳೂ ಈ ವರದಿಯ ಸಂತಾನವೇ. ಪಟ್ಟಿ ಉದ್ದವಾಗಿದೆ, ಬಾಬ್ತು ಮಾತ್ರ ಇನ್ನೂ ಖಾಲಿ.

ಒಳ್ಳೆಯ ಪದ ಒಂದೇ ಸಾಲದೆಂಬುದಕ್ಕೆ ಉತ್ತರ ಕನ್ನಡದ ಬಿದಿರಿನ ಕಥೆಯಷ್ಟು ಸ್ಪಷ್ಟ ನಿದರ್ಶನ ಇನ್ನೊಂದಿಲ್ಲ. 1950ರ ದಶಕದ ಕೊನೆಯಲ್ಲಿ ಅಲ್ಲಿ ಕಾಗದದ ಗಿರಣಿ ಬಂದಾಗ, ಕಾಡು ಪ್ರತಿವರ್ಷವೂ ತಪ್ಪದೆ ಇಷ್ಟು ಬಿದಿರು ಕೊಡುತ್ತಲೇ ಇರುತ್ತದೆಂಬ ಅಧಿಕೃತ ಅಂದಾಜು ಇತ್ತು. ಗಿರಣಿಗೆ ಟನ್ನಿಗೆ ಒಂದೂವರೆ ರೂಪಾಯಿಯ ದರ. ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದೇ ಬಿದಿರಿಗೆ ನೂರಾರು ಪಟ್ಟು ತೆರಬೇಕು. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಕಾಡಿನಲ್ಲಿ ಓಡಾಡಿ ಎಣಿಸಿ ನೋಡಿದಾಗ ಅಂದಾಜು ಬಹಳ ಉಬ್ಬಿದ್ದೆಂದು ತಿಳಿಯಿತು. ಹತ್ತಿರದ ಬಿದಿರು ಮುಗಿದ ಮೇಲೆ ದೂರದ ರಾಜ್ಯಗಳ ಕಾಡಿನ ಕಡೆಗೆ ನೋಡಬೇಕಾಯಿತು. ‘ಸುಸ್ಥಿರ ಇಳುವರಿ’ ಎಂಬ ಮಾತು ಕಾಗದದ ಮೇಲೆ ಅಂದೂ ಇತ್ತು. ಪುಕ್ಕಟೆಯಾಗಿ ಸಿಕ್ಕಿದ್ದನ್ನು ಉಳಿಸುವ ದರ್ದು ಯಾರಿಗೂ ಇರಲಿಲ್ಲ. ಕಳೆದುಕೊಂಡ ಮೇದರನ್ನು ಯಾರೂ ಕೇಳಿರಲಿಲ್ಲ. 1983ರಲ್ಲಿ ಶಿರಸಿಯ ಸಲ್ಕಣಿಯ ಜನ ಮರಗಳನ್ನು ಅಪ್ಪಿನಿಂತದ್ದಕ್ಕೆ ಇಂಥ ಹಿನ್ನೆಲೆ ಉಂಟು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 1982ರಲ್ಲಿ ಹೊರತಂದ ನಾಗರಿಕರ ವರದಿ ಇಂಥ ಲೆಕ್ಕಗಳನ್ನು ಊರೂರಿನಿಂದ ಸಂಗ್ರಹಿಸಿತು. ಅದನ್ನು ಕನ್ನಡಕ್ಕೆ ತಂದವರು ನಮ್ಮ ಶಿವರಾಮ ಕಾರಂತರು. ನಾಲ್ಕು ಮಹಾಗ್ರಂಥಗಳಲ್ಲಿ ಕಾಣದ ಮೂರನೆಯ ಅಂಕಣವನ್ನು ತುಂಬುವ ಯತ್ನ ಇಂಥ ವರದಿಗಳಲ್ಲಿದೆ.

ಹಾಗಾದರೆ ತೀರ್ಪೇನು? ಮೊತ್ತದ ಗಣಿತಕ್ಕೆ ‘ಎಲ್ಲೆಗಳು’ ಗ್ರಂಥಕ್ಕೆ ಸಮನಾದದ್ದು ಇಲ್ಲ. ನ್ಯಾಯದೃಷ್ಟಿಗೆ ಕುಮಾರಪ್ಪನವರದೇ ಅಗ್ರಸ್ಥಾನ. ನನ್ನ ಮಟ್ಟಿಗೆ ಒಂದನ್ನೇ ಆರಿಸಬೇಕಾದರೆ ಈ ತೆಳುವಾದ ಪುಸ್ತಕವನ್ನೇ ಆರಿಸುತ್ತೇನೆ. ಶೂಮಾಕರ್ ಓದಲು ಆಪ್ತರು, ಆದರೆ ಕೂಡುಲೆಕ್ಕದಲ್ಲಿ ದುರ್ಬಲರು. ಬ್ರುಂಟ್‌ಲಾಂಡ್ ವರದಿ ಉಲ್ಲೇಖಿಸಲು ಅನುಕೂಲ, ಆಚರಿಸಲು ಅಸ್ಪಷ್ಟ.

ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ಈ ಓದಿನಿಂದ ಏನು? ನಾವು ಈ ಸರಾಸರಿಯ ಎರಡೂ ಕಡೆ ಬಾಳಿ ಕಂಡವರು. ಸೇದುವ ಬಾವಿಯ ಮನೆಯಿಂದ ಟ್ಯಾಂಕರಿಗೆ ಕಾಯುವ ಮನೆಗೆ ಬಂದವರು. 2019ರ ಬೇಸಿಗೆಯಲ್ಲಿ ಚೆನ್ನೈನ ಜಲಾಶಯಗಳು ಒಣಗಿದಾಗ, 2024ರಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ನೆಂಟರಿಷ್ಟರ ಮನೆಯ ಸುದ್ದಿ ಕೇಳಿದವರು. 1961ರಲ್ಲಿ 27 ಲಕ್ಷದಷ್ಟು ಜನರಿದ್ದ ದೆಹಲಿ 2011ಕ್ಕೆ 1 ಕೋಟಿ 68 ಲಕ್ಷವಾದದ್ದರಲ್ಲಿ ನಾವೂ ಸೇರಿದ್ದೇವೆ. ಹೊಟ್ಟೆಪಾಡಿಗೆ ಬಂದವರು ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ. ಆದರೆ ಈಗ ನಮ್ಮಲ್ಲಿ ಬಹುಮಂದಿ ಟ್ಯಾಕ್ಸಿಯ ಒಳಗೆ ಕುಳಿತಿದ್ದೇವೆ, ಹೊರಗಿಲ್ಲ ಎಂಬುದನ್ನೂ ಒಪ್ಪಬೇಕು.

ನಮ್ಮ ಮಕ್ಕಳು ಶಾಲೆಯಲ್ಲಿ ಹದಿನೇಳು ಗುರಿಗಳ ಬಣ್ಣದ ಚಿತ್ರಪಟ ಅಂಟಿಸಿ ಬಹುಮಾನ ತರುತ್ತಾರೆ. ಅವರಿಗೆ ಪ್ರಳಯದ ಭಯ ಹುಟ್ಟಿಸುವುದು ಬೇಡ. ಎಲ್ಲವನ್ನೂ ವಿಜ್ಞಾನ ನೋಡಿಕೊಳ್ಳುತ್ತದೆಂಬ ಜೋಗುಳವೂ ಬೇಡ. ಮನೆಯ ವಿದ್ಯುತ್ ಬಿಲ್ಲು, ನೀರಿನ ಬಿಲ್ಲು, ಕಸದ ಬುಟ್ಟಿ ಇವುಗಳನ್ನು ಮುಂದಿಟ್ಟು ಅದೇ ಮೂರು ಪ್ರಶ್ನೆ ಕೇಳಲು ಕಲಿಸಿದರೆ ಸಾಕು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾರು ತೆತ್ತರು? ಮೂರನೆಯದಕ್ಕೆ ನಾವು ಹಿರಿಯರು ಕೊಡುವ ಉತ್ತರ ಪ್ರಾಮಾಣಿಕವಾಗಿರಬೇಕು. ಸಂಘದ ಪುಸ್ತಕಭಂಡಾರಕ್ಕೆ ಕುಮಾರಪ್ಪನವರ ಪುಸ್ತಕದ ಒಂದು ಪ್ರತಿ, ಕಾರಂತರ ಅನುವಾದದ ಒಂದು ಪ್ರತಿ ತರಿಸಿದರೆ ಹೆಚ್ಚು ಖರ್ಚಿಲ್ಲ. ಕಾರ್ಯಕಾರಿ ಸಮಿತಿಯವರು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.